ಪಹಣಿಯೂ ಪ್ರಜೆಯೂ

ಅಜ್ಜಂಪುರ ಸೀಮೆಯ ಅಂತರಘಟ್ಟೆಯನ್ನು ನಮ್ಮ ವಾಚಕರಲ್ಲಿ ಬಹುಮಂದಿ ಅಲ್ಲಿಯ ದುರ್ಗಾಂಬೆಯ ಜಾತ್ರೆಯಿಂದ ಬಲ್ಲರು. ಸುತ್ತಣ ಹಳ್ಳಿಗಳ ಒಕ್ಕಲಮಕ್ಕಳು ಎತ್ತಿನ ಗಾಡಿಗಳನ್ನು ಸಿಂಗರಿಸಿ ಕಟ್ಟಿಕೊಂಡು ಆ ಜಾತ್ರೆಗೆ ಬರುವ ಸಂಪ್ರದಾಯವು ಇಂದಿಗೂ ನಿಂತಿಲ್ಲ. ಆದರೆ ಆ ಊರಿನ ಹೊಲಗದ್ದೆಗಳನ್ನು ಕುರಿತು ತಿಳಿಯಬೇಕೆಂಬವನು ಈಗ ಗಾಡಿ ಕಟ್ಟಬೇಕಾದುದಿಲ್ಲ. ಬೆಂಗಳೂರಿನಲ್ಲಾಗಲಿ ಮುಂಬಯಿಯಲ್ಲಾಗಲಿ ಕುಳಿತ ಮನುಷ್ಯನು ಕಂದಾಯ ಇಲಾಖೆಯ ಜಾಲತಾಣವನ್ನು ತೆರೆದು, ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಒಂದರ ಹಿಂದೊಂದಾಗಿ ಆರಿಸಿ, ಒಂದು ಸರ್ವೆ ನಂಬರನ್ನು ಒತ್ತಿದನೆಂದರೆ ಸಾಕು. ಆ ಹೊಲ ಯಾರದು, ಎಷ್ಟು ಎಕರೆ ಎಷ್ಟು ಗುಂಟೆ, ಅದು ಅವನಿಗೆ ಬಂದ ಬಗೆ ಯಾವುದು, ಅದರ ಮೇಲೆ ಯಾವ ಬ್ಯಾಂಕಿನ ಅಥವಾ ಸಹಕಾರ ಸಂಘದ ಸಾಲವಿದೆ ಎಂಬುದೆಲ್ಲವೂ ಕಣ್ಣೆದುರಿಗೆ ಬರುತ್ತದೆ. ನೋಡಿದವನು ಯಾರೆಂಬುದು ಮಾತ್ರ ಹೊಲದೊಡೆಯನಿಗೆ ತಿಳಿಯುವುದಿಲ್ಲ.

ಈ ಕಡೆಯ ಸಂಗತಿಯ ಕಡೆಗೆ ನಮ್ಮ ಜನರೂ ಅಧಿಕಾರಿವರ್ಗದವರೂ ಸಾಕಷ್ಟು ಗಮನ ಕೊಟ್ಟಿಲ್ಲವೆಂದು ನಮಗೆ ತೋರುತ್ತದೆ. ಗಣಕಯಂತ್ರದ ಯುಗದಲ್ಲಿ ಜ್ಞಾನವೆಲ್ಲಿ, ಗೋಪ್ಯವೆಲ್ಲಿ, ಸ್ವಾಮ್ಯವೆಲ್ಲಿ ಎಂದು ದೊಡ್ಡ ದೊಡ್ಡ ಸಭೆಗಳಲ್ಲಿ ಚರ್ಚೆಗಳು ನಡೆಯುತ್ತಿವೆ. ನಮ್ಮ ನಾಡಿನ ರೈತನ ಪಾಲಿಗೆ ಈ ಮೂರೂ ಒಂದೇ ಒಂದು ಹಾಳೆಯಲ್ಲಿ ಕೂಡಿಕೊಂಡಿವೆ. ಆ ಹಾಳೆಯ ಹೆಸರು ಪಹಣಿ.

ಭೂಮಿಯ ದಾಖಲೆಯನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಇಡಬೇಕೆಂಬುದು ನಮಗೆ ಹೊಸ ವಿಚಾರವಲ್ಲ. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ಬಳಿ ಇರುವ ದೊಡ್ಡ ಶಾಸನದ ಪದ್ಯಗಳು ಕವಿಚಕ್ರವರ್ತಿ ಜನ್ನನವು. ಇಂತಹ ಶಾಸನಗಳಲ್ಲಿ ದಾನಕೊಟ್ಟವನು ಯಾರು, ಪಡೆದವನು ಯಾರು, ಭೂಮಿಯ ಎಲ್ಲೆಕಟ್ಟು ಯಾವುದು ಎಂಬುದನ್ನು ಕಲ್ಲಿನಲ್ಲಿ ಕೆತ್ತಿ, ಬಿಸಿಲು ಮಳೆಗಳಲ್ಲಿ ನಿಲ್ಲಿಸಿ, ಅಳಿಸಿದವನಿಗೆ ಶಾಪವನ್ನೂ ಹಾಕಿ ಬಿಡುತ್ತಿದ್ದರು. ಬಿ. ಎಲ್. ರೈಸರು ಕಡೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 6ನೆಯ ಸಂಪುಟವಾಗಿ 1901ರಲ್ಲಿ ಅಚ್ಚು ಹಾಕಿಸಿದರು. ಇಂದು ಆ ಸಂಪುಟವನ್ನು ಹಳ್ಳಿಯ ಶಾಲೆಯ ಬಾಲಕನೂ ಕೈಯಲ್ಲಿರುವ ಮೊಬೈಲಿನಲ್ಲಿ ಓದಬಹುದು. ಜ್ಞಾನವು ಹೀಗೆ ಸುಲಭವಾದುದು ಪರಮ ಸಂತೋಷದ ವಿಷಯ. ಆದರೆ ಶಾಸನದ ಕಲ್ಲು ಸಾರುತ್ತಿದ್ದುದು ಪ್ರಬಲನಾದವನ ದಾನವನ್ನು, ದುರ್ಬಲನಾದವನ ಸಾಲವನ್ನಲ್ಲ.

ಕಲ್ಲಿನ ಕಾಲ ಹೋಗಿ ಕಡತದ ಕಾಲ ಬಂದಿತು. ಮೈಸೂರು ಸೀಮೆಯಲ್ಲಿ 1863ರಲ್ಲಿ ಕಂದಾಯದ ಸರ್ವೆ ಆರಂಭವಾಗಿ ಹೊಲಹೊಲಕ್ಕೂ ನಂಬರು ಬಿದ್ದಿತು. ಆ ನಂಬರಿನ ಕೀಲಿಕೈ ಶಾನುಭೋಗರಲ್ಲಿ ಇದ್ದಿತು. ಯಾರ ಖಾತೆಯಲ್ಲಿ ಏನಿದೆ, ಯಾವ ಬಾಂದಿನ ಕಲ್ಲು ಎಲ್ಲಿ ಇರತಕ್ಕದ್ದು, ಯಾರ ತಾತ ಯಾರಿಗೆ ಎಷ್ಟು ಬರೆದುಕೊಟ್ಟಿದ್ದನು ಎಂಬ ವಿಷಯವೆಲ್ಲವೂ ಅವರ ಪೆಟ್ಟಿಗೆಯಲ್ಲಿಯೂ ಅದಕ್ಕಿಂತ ಹೆಚ್ಚಾಗಿ ಅವರ ತಲೆಯಲ್ಲಿಯೂ ಇದ್ದಿತು. ಶಾನುಭೋಗರೆಲ್ಲರನ್ನೂ ದೂರುವುದು ನ್ಯಾಯವಲ್ಲ. ಊರಿನ ಮಾನವನ್ನು ತಮ್ಮ ಮಾನವೆಂದು ಬಗೆದು ನಡೆದ ಸತ್ಪುರುಷರೂ ಅವರಲ್ಲಿ ಇದ್ದರು. ಆದರೂ ಓದುಬರಹ ಬಾರದ ರೈತನಿಗೆ ತನ್ನ ಹೊಲದ ವಿಷಯವನ್ನು ಇನ್ನೊಬ್ಬನ ಬಾಯಿಂದಲೇ ಕೇಳಬೇಕಾದ ದೈನ್ಯವು ತಪ್ಪಲಿಲ್ಲ. ವಂಶಪಾರಂಪರ್ಯದ ಪಟೇಲಿಕೆ ಶಾನುಭೋಗಿಕೆಗಳನ್ನು ರದ್ದುಮಾಡಿದ 1961ರ ಕಾಯಿದೆಯು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದ ಮೇಲೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಮನುಷ್ಯನು ಬದಲಾದನು, ಪೆಟ್ಟಿಗೆ ಮಾತ್ರ ಹಾಗೆಯೇ ಉಳಿಯಿತು.

ಆ ಪೆಟ್ಟಿಗೆಯ ಬೀಗವನ್ನು ಒಡೆದುದು ‘ಭೂಮಿ’ ಯೋಜನೆ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ, 2002ರ ಹೊತ್ತಿಗೆ ಸಂಸ್ಥಾನದ ಆಗಿನ 177 ತಾಲ್ಲೂಕುಗಳನ್ನೂ ವ್ಯಾಪಿಸಿದ ಈ ಕಾರ್ಯದಲ್ಲಿ, ಸುಮಾರು 9000 ಮಂದಿ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಎರಡು ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಸುಮಾರು 67 ಲಕ್ಷ ಮಂದಿ ಹಿಡುವಳಿದಾರರ ಹೆಸರುಗಳು ಅದರಲ್ಲಿ ಸೇರಿದವು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಕನ್ನಡದಲ್ಲಿಯೇ ಅಚ್ಚಾದ ಪಹಣಿ ಕೈಗೆ ಬರುವಂತಾಯಿತು. ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕು, ಹಿಂದೆ ಬಂದವನನ್ನು ಮುಂದೆ ತಳ್ಳಕೂಡದು ಎಂದು ಯಂತ್ರವೇ ತಡೆ ಹಾಕಿತು. ನಮೂದನ್ನು ತಿದ್ದುವ ಅಧಿಕಾರಿಯು ತನ್ನ ಬೆರಳಿನ ಗುರುತು ಕೊಟ್ಟಲ್ಲದೆ ಯಂತ್ರದೊಳಕ್ಕೆ ಪ್ರವೇಶಿಸುವಂತಿರಲಿಲ್ಲ. ಕನ್ನಡ ನಾಡು ಈ ಒಂದು ವಿಷಯದಲ್ಲಿ ಭರತಖಂಡಕ್ಕೆಲ್ಲ ಮೇಲ್ಪಂಕ್ತಿಯಾಯಿತೆಂದು ನಾವು ಹೆಮ್ಮೆಪಡುವುದರಲ್ಲಿ ತಪ್ಪಿಲ್ಲ.

ಆ ಕಿಟಕಿಗಳಲ್ಲಿ ಒಂದು ಸಣ್ಣ ಏರ್ಪಾಡಿತ್ತು. ಅದನ್ನು ಹೊಗಳಿದವರು ಕಡಿಮೆ. ನಮಗೆ ಮಾತ್ರ ಯೋಜನೆಯ ಸಾರವೇ ಅದರಲ್ಲಿದೆಯೆಂದು ತೋರುತ್ತದೆ. ಗುಮಾಸ್ತನ ಮುಂದೆ ಒಂದು ತೆರೆಯಿದ್ದರೆ, ಅದೇ ಬರಹವನ್ನು ತೋರಿಸುವ ಇನ್ನೊಂದು ತೆರೆಯನ್ನು ರೈತನ ಕಡೆಗೆ ಮುಖಮಾಡಿ ಇಟ್ಟಿದ್ದರು. ಗುಮಾಸ್ತನು ನೋಡುತ್ತಿರುವುದನ್ನು ರೈತನೂ ನೋಡುತ್ತಿದ್ದನು. ಅವನು ಒತ್ತುತ್ತಿರುವ ಅಕ್ಷರವನ್ನು ಇವನೂ ಕಾಣುತ್ತಿದ್ದನು. ಅಧಿಕಾರಕ್ಕೂ ಪ್ರಜೆಗೂ ನಡುವೆ ಇರತಕ್ಕ ಸಂಬಂಧವನ್ನು ಇದಕ್ಕಿಂತ ಸರಳವಾಗಿ ಯಾವ ರಾಜ್ಯಶಾಸ್ತ್ರಜ್ಞನೂ ವಿವರಿಸಲಾರನು. ಈಚಿನ ಇಪ್ಪತ್ತು ವರ್ಷಗಳಲ್ಲಿ ತೆರೆಗಳು ಲಕ್ಷಗಟ್ಟಲೆ ಹೆಚ್ಚಿವೆ. ಅವುಗಳಲ್ಲಿ ರೈತನ ಕಡೆಗೆ ತಿರುಗಿದವು ಎಷ್ಟು ಎಂಬುದೇ ನಮ್ಮ ಪ್ರಶ್ನೆ.

ಈ ಬದಲಾವಣೆಯ ಫಲವು ಎಲ್ಲರಿಗೂ ಸಮನಾಗಿ ಹಂಚಿಹೋಯಿತೆಂದು ತಿಳಿಯಬಾರದು. ಸಾಲೊಮನ್ ಬೆಂಜಮಿನ್ ಮೊದಲಾದ ಸಂಶೋಧಕರು 2007ರಲ್ಲಿಯೇ, ದಾಖಲೆಗಳು ಒಂದೆಡೆ ಕೂಡಿದುದರಿಂದ ಬೆಂಗಳೂರಿನ ಸುತ್ತಮುತ್ತ ಭೂಮಿಯನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುವವರಿಗೆ ಸಣ್ಣ ರೈತನಿಗಿಂತ ಹೆಚ್ಚು ಅನುಕೂಲವಾಯಿತೆಂದು ಬರೆದರು. ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಒಬ್ಬ ರೈತನಿಗೆ ಬೇಕಾದುದು ತನ್ನ ಒಂದು ಪಹಣಿ. ದಲ್ಲಾಳಿಗೆ ಬೇಕಾದುದು ಊರಿನ ಪಹಣಿಗಳೆಲ್ಲವೂ. ಹಿಂದೆ ದಲ್ಲಾಳಿಯು ಊರಿಗೆ ಬಂದು ಶಾನುಭೋಗರ ಜಗಲಿಯಲ್ಲಿ ಕುಳಿತರೆ ಸಂಜೆಯೊಳಗೆ ಊರಿಗೆಲ್ಲ ಆ ಸುದ್ದಿ ಮುಟ್ಟುತ್ತಿದ್ದಿತು. ಈಗ ಅವನು ತನ್ನ ಕೋಣೆಯಿಂದ ಏಳದೆಯೇ ಯಾರ ಹೊಲದ ಮೇಲೆ ಸಾಲ ಬೆಳೆದಿದೆ, ಯಾರು ಬೇಗ ಮಾರಿಯಾರು ಎಂದು ಎಣಿಸಬಲ್ಲನು. ಪಹಣಿಯ 9ನೆಯ ಅಂಕಣದಲ್ಲಿ ಒಡೆಯನ ಹೆಸರು, 11ನೆಯದರಲ್ಲಿ ಋಣಗಳು. ಗಂಡಸಿನ ಸಾಲವನ್ನು ಮನೆಯ ಹೆಂಗಸರಿಂದಲೂ ಮುಚ್ಚಿಡುವ ನಮ್ಮ ಸಮಾಜದಲ್ಲಿ, ಅದೇ ಸಾಲವು ಅಪರಿಚಿತನ ಬೆರಳ ತುದಿಯಲ್ಲಿ ಕುಳಿತಿರುವುದು ವಿಚಿತ್ರವಲ್ಲವೆ?

ಶಾನುಭೋಗರ ಗುಟ್ಟು ಹೋಯಿತು, ಒಳ್ಳೆಯದಾಯಿತು. ಅದರ ಜೊತೆಗೆ ರೈತನ ಗುಟ್ಟೂ ಹೋಯಿತು. ಇವೆರಡೂ ಒಂದೇ ಎಂದು ಬಗೆದುದೇ ನಮ್ಮ ಆಡಳಿತಗಾರರ ತಪ್ಪು.

ಇನ್ನು ಯಂತ್ರವು ಸತ್ಯವನ್ನೇ ನುಡಿಯುತ್ತದೆಂಬ ನಂಬಿಕೆಯನ್ನು ಕುರಿತು ಎರಡು ಮಾತು. ಯಂತ್ರವು ತನ್ನಲ್ಲಿ ಬರೆದುದನ್ನು ಬರೆದಂತೆಯೇ ಹಿಂದಿರುಗಿಸುತ್ತದೆ. ಬರೆಯದೆ ಬಿಟ್ಟುದನ್ನು ಇಲ್ಲವೆನ್ನುತ್ತದೆ. ಪಹಣಿಯ 12ನೆಯ ಅಂಕಣವು ಸಾಗುವಳಿದಾರನದು. ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ, 1974ರ ಮಾರ್ಚ್ 1ಕ್ಕೆ ಮುಂಚೆ ಉತ್ತವನು ಯಾರೆಂಬ ವ್ಯಾಜ್ಯದಲ್ಲಿ ಆ ಅಂಕಣದ ಒಂದು ಸಾಲು ಎಷ್ಟೋ ಕುಟುಂಬಗಳ ಹಣೆಬರಹವನ್ನು ನಿರ್ಣಯಿಸಿತು. ಅದರಿಂದ ಪಾಠ ಕಲಿತ ಭೂಮಾಲಿಕರು ಆ ಮೇಲೆ ಗೇಣಿಯನ್ನು ಬಾಯಿಮಾತಿನಲ್ಲಿ ಕೊಡಲು ಕಲಿತರು. ಆದಕಾರಣ ಇಂದು ಇನ್ನೊಬ್ಬನ ಹೊಲವನ್ನು ಉಳುವವನು ಯಂತ್ರದ ಪಾಲಿಗೆ ಹುಟ್ಟಿಯೇ ಇಲ್ಲ. ಕೇಂದ್ರ ಸರ್ಕಾರವು 2019ರಲ್ಲಿ ಆರಂಭಿಸಿದ, ವರ್ಷಕ್ಕೆ 6000 ರೂಪಾಯಿಗಳ ಕಿಸಾನ್ ಸಮ್ಮಾನದ ಹಣವು ಹೊಲದ ಒಡೆತನವನ್ನು ನೋಡಿ ಬರುವುದೇ ಹೊರತು ಬೆವರನ್ನು ನೋಡಿ ಬರುವುದಿಲ್ಲ. ಹೆಣ್ಣುಮಕ್ಕಳ ಸ್ಥಿತಿಯೂ ಇದೇ. ಪಿತ್ರಾರ್ಜಿತದಲ್ಲಿ ಮಗಳಿಗೆ ಸಮಭಾಗವನ್ನು ಕರ್ನಾಟಕವು 1994ರಲ್ಲಿಯೇ ಕೊಟ್ಟಿತು. ಇಡೀ ದೇಶಕ್ಕೆ ಆ ನ್ಯಾಯ ಬಂದುದು 2005ರಲ್ಲಿ. ಕಾಯಿದೆ ಕೊಟ್ಟುದನ್ನು ಅಂಕಣವು ಇನ್ನೂ ಕೊಟ್ಟಿಲ್ಲದ ಮನೆಗಳು ಊರೂರಿನಲ್ಲಿವೆ. 2024ರಲ್ಲಿ ಪಹಣಿಗಳಿಗೆ ಆಧಾರ್ ಸಂಖ್ಯೆಯನ್ನು ಜೋಡಿಸುವ ಕಾರ್ಯ ನಡೆದಾಗ, ಎಷ್ಟೋ ಹೊಲಗಳು ತೀರಿಹೋದವರ ಹೆಸರಿನಲ್ಲಿಯೇ ಉಳಿದಿರುವುದು ಬೆಳಕಿಗೆ ಬಂದಿತು.

ಅಜ್ಜಂಪುರದ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರರಸರ ಕಾಲದ ಬೆಣ್ಣೆಚಾವಡಿಯ ದನಗಳ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ತಳಿಯ ಸಂವರ್ಧನ ಕೇಂದ್ರವು ಅಲ್ಲಿಯೇ ಇದೆ. ಸುತ್ತಲಿನ ಸೀಮೆಯಲ್ಲಿ ಕಾವಲುಗಳೂ ಇವೆ. ಕಾವಲಿನಲ್ಲಿ ಯಾವ ಊರಿನ ದನ ಯಾವ ಕಾಲದಲ್ಲಿ ಮೇಯಬೇಕು, ಯಾವ ಕಟ್ಟೆಯಲ್ಲಿ ನೀರು ಕುಡಿಯಬೇಕು ಎಂಬುದು ಜನರ ನೆನಪಿನಲ್ಲಿದೆಯೇ ಹೊರತು ಅಂಕಣದಲ್ಲಿಲ್ಲ. ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಇಂತಹ ಕಾವಲಿನ ಸಾವಿರಾರು ಎಕರೆಗಳನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ ಅಲ್ಲಿಯ ಕುರಿಗಾಹಿಗಳ ಹಕ್ಕು ಕಾಗದದಲ್ಲಿ ಕಾಣಲಿಲ್ಲ; ವಿವಾದವು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಜನರಲ್ಲಿರುವ ತಿಳಿವಳಿಕೆಯನ್ನು ಯಂತ್ರಕ್ಕೆ ಏರಿಸುವ ಮೊದಲೇ ಯಂತ್ರದಲ್ಲಿರುವುದೇ ತಿಳಿವಳಿಕೆಯೆಂದು ನಿರ್ಧರಿಸಿದರೆ ಆಗುವ ಅನ್ಯಾಯವಿದು. ಅದರ ಮೇಲೆ, 1964ರ ಭೂಕಂದಾಯ ಕಾಯಿದೆಯ 133ನೆಯ ಪ್ರಕರಣದ ಪ್ರಕಾರ, ಹಕ್ಕುದಾಖಲೆಯಲ್ಲಿ ಬರೆದುದು ಸುಳ್ಳೆಂದು ಸಿದ್ಧವಾಗುವವರೆಗೂ ನಿಜವೆಂದೇ ಭಾವಿಸತಕ್ಕದ್ದು. ಸುಳ್ಳೆಂದು ಸಿದ್ಧಪಡಿಸುವ ಹೊರೆ ರೈತನ ಹೆಗಲಿಗೆ.

ಹೊರೆಯೆಂದೆವು. ಗುಮಾಸ್ತನ ಕೈತಪ್ಪಿನಿಂದ ಒಂದು ಗುಂಟೆ ಕಡಿಮೆಯಾಗಲು ಒಂದು ಕ್ಷಣ ಸಾಕು. ಅದನ್ನು ಸರಿಪಡಿಸಲು ರೈತನು ಅಜ್ಜಂಪುರದ ತಾಲ್ಲೂಕು ಕಚೇರಿಗೆ ಹೋಗಬೇಕು, ವ್ಯಾಜ್ಯವಾದರೆ ತರೀಕೆರೆಯ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ ಹಾಕಬೇಕು, ವಕೀಲರನ್ನಿಡಬೇಕು, ಹಳೆಯ ಕಡತವನ್ನು ಹುಡುಕಿಸಬೇಕು. ತಪ್ಪು ವಿದ್ಯುತ್ತಿನ ವೇಗದಲ್ಲಿ ಬರುತ್ತದೆ, ತಿದ್ದುಪಡಿ ಎತ್ತಿನ ಗಾಡಿಯಲ್ಲಿ ಬರುತ್ತದೆ. ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು 2024ರಿಂದ ‘ಭೂ ಸುರಕ್ಷಾ’ ಎಂಬ ಹೆಸರಿನಲ್ಲಿ ಛಾಯಾಚಿತ್ರಿಸಿ ಕಾಪಾಡುತ್ತಿರುವುದು ಈ ಕಷ್ಟಕ್ಕೆ ಒಂದು ಭಾಗದ ಪರಿಹಾರವಾದೀತು. ಗೆದ್ದಲು ತಿಂದ, ಇಲ್ಲವೆ ಗೆದ್ದಲಿನ ಹೆಸರು ಹೇಳಿ ಮನುಷ್ಯರು ತಿಂದ ಕಡತಗಳು ಎಷ್ಟೆಂಬುದನ್ನು ಬಲ್ಲವರು ಈ ಕಾರ್ಯವನ್ನು ಮೆಚ್ಚದಿರಲಾರರು.

ಹೊಲದ ವಿವರ ಹೊರಬಿದ್ದರೆ ಆಗುವ ಹಾನಿ ದೂರದ್ದೆಂದು ಕೆಲವರು ಹೇಳಬಹುದು. ಅವರಿಗೆ 2023ರ ಸಂಗತಿಯನ್ನು ನೆನಪುಮಾಡಿಕೊಡುತ್ತೇವೆ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕ್ರಯಪತ್ರ ಮಾಡಿಸಿದವರು ಪತ್ರದಲ್ಲಿ ಬೆರಳೊತ್ತುವುದು ವಾಡಿಕೆ. ಆ ಪತ್ರಗಳ ಪ್ರತಿಗಳು ‘ಕಾವೇರಿ’ ಎಂಬ ನೋಂದಣಿ ವ್ಯವಸ್ಥೆಯಲ್ಲಿ ದೊರೆಯುತ್ತಿದ್ದವು. ವಂಚಕರು ಪ್ರತಿಗಳಿಂದ ಬೆರಳಿನ ಗುರುತನ್ನು ತೆಗೆದು, ಅದರ ಅಚ್ಚು ಮಾಡಿ, ಆಧಾರ್ ಮೂಲಕ ಹಣ ತೆಗೆಯುವ ಪದ್ಧತಿಯಲ್ಲಿ ಜನರ ಬ್ಯಾಂಕ್ ಖಾತೆಗಳನ್ನು ಬರಿದುಮಾಡಿದರೆಂದು ಪೊಲೀಸರ ತನಿಖೆಯಲ್ಲಿ ಹೊರಬಿತ್ತು. ಆ ಪದ್ಧತಿಯಲ್ಲಿ ಗುಪ್ತಸಂಖ್ಯೆ ಬೇಕಿಲ್ಲ, ರುಜು ಬೇಕಿಲ್ಲ; ಆಧಾರ್ ಸಂಖ್ಯೆಯೂ ಬೆರಳೂ ಸಾಕು. ಅನಂತರ ಪ್ರತಿಗಳಲ್ಲಿ ಬೆರಳ ಗುರುತು ಕಾಣದಂತೆ ಮರೆಮಾಡುವ ಏರ್ಪಾಡಾಯಿತು. ಆಧಾರಿನ ಬೆರಳಗುರುತಿಗೆ ಬೀಗ ಹಾಕಿಕೊಳ್ಳಿರೆಂದು ಜನರಿಗೆ ಸಲಹೆಯೂ ಬಂದಿತು. ಓದುಬರಹ ಬಾರದವನಿಗೆ ಹೆಬ್ಬೆಟ್ಟೇ ರುಜು. ರುಜುವನ್ನು ಬದಲಾಯಿಸಿಕೊಳ್ಳಬಹುದು, ಹೆಬ್ಬೆಟ್ಟನ್ನು ಬದಲಾಯಿಸಿಕೊಳ್ಳುವುದು ಹೇಗೆ?

ಈ ಪ್ರಶ್ನೆಯನ್ನು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಕೊಂಡೊಯ್ದವರು ನಮ್ಮ ನಾಡಿನ ಒಬ್ಬ ವೃದ್ಧರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯವಾಗಿ 2012ರಲ್ಲಿ ಹೂಡಿದ ದಾವೆಯಿಂದ ಹುಟ್ಟಿದ ತೀರ್ಪಿನಲ್ಲಿ, ಒಂಬತ್ತು ಮಂದಿ ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಏಕಾಭಿಪ್ರಾಯದಿಂದ, ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಸಾರಿದರು. 2024ರಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ಪುಟ್ಟಸ್ವಾಮಿಯವರು ಕಾಲವಾದರು.

ಅಧಿಕಾರಿ ಮಿತ್ರರು ನಮಗೆ ಹೇಳುವ ಆಕ್ಷೇಪಣೆಯೊಂದಿದೆ, ಅದು ತಳ್ಳಿಹಾಕತಕ್ಕದ್ದಲ್ಲ. ಭೂಮಿಯ ಒಡೆತನವನ್ನು ಮುಚ್ಚಿಟ್ಟರೆ ಮೋಸ ಹೆಚ್ಚುತ್ತದೆ, ಒಂದೇ ಹೊಲವನ್ನು ಇಬ್ಬರಿಗೆ ಮಾರುವವರು ಹುಟ್ಟಿಕೊಳ್ಳುತ್ತಾರೆ, ಇಂಗ್ಲೆಂಡಿನವರೇ ತಮ್ಮ ಭೂದಾಖಲೆಯನ್ನು 1990ರಲ್ಲಿ ಎಲ್ಲರಿಗೂ ತೆರೆದಿಟ್ಟರು ಎಂಬುದು ಅವರ ವಾದ. ನಾವು ಒಡೆತನವನ್ನು ಮುಚ್ಚಬೇಕೆನ್ನುವುದಿಲ್ಲ. ಕೊಳ್ಳುವವನಿಗೆ ಹೊಲದ ಮೇಲಿನ ಋಣವೂ ತಿಳಿಯಬೇಕಾದುದೇ. ಆದರೆ ಕೊಳ್ಳಬಂದವನು ತನ್ನ ಹೆಸರು ಹೇಳಿ ಕೇಳುವುದು ಬೇರೆ, ಹಾದಿಹೋಕನು ಹೆಸರಿಲ್ಲದೆ ಇಣುಕುವುದು ಬೇರೆ.

ಇಷ್ಟರಲ್ಲಿ ದೆಹಲಿಯಲ್ಲಿ ನಡೆದ ಕಾರ್ಯವು ನಮ್ಮ ಆತಂಕವನ್ನು ಹೆಚ್ಚಿಸಿದೆ. ಪ್ರಜೆಗಳ ವೈಯಕ್ತಿಕ ದತ್ತಾಂಶದ ರಕ್ಷಣೆಗೆಂದು 2023ರಲ್ಲಿ ಒಂದು ಕಾಯಿದೆಯಾಯಿತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಪ್ರಜೆಯ ವಿವರಗಳನ್ನು ಇಟ್ಟುಕೊಂಡವರ ಮುಖ್ಯ ಕರ್ತವ್ಯಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಅವಧಿ ಕೊಡಲ್ಪಟ್ಟಿದೆ. ಸರ್ಕಾರದ ಅಂಗಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಸರ್ಕಾರವು ತನ್ನಲ್ಲಿಯೇ ಇಟ್ಟುಕೊಂಡಿದೆ. ಆದರೆ ಅದೇ ಕಾಯಿದೆಯ ಮೂಲಕ 2005ರ ಮಾಹಿತಿ ಹಕ್ಕಿನ ಕಾಯಿದೆಗೆ ಮಾಡಿದ ತಿದ್ದುಪಡಿಯು ತಡವಿಲ್ಲದೆ ಜಾರಿಗೆ ಬಂದಿತು. ‘ವೈಯಕ್ತಿಕ ಮಾಹಿತಿ’ ಎಂಬ ಒಂದು ಮಾತು ಹೇಳಿ ಅರ್ಜಿಯನ್ನು ನಿರಾಕರಿಸಲು ಅದರಿಂದ ದಾರಿ ಸುಲಭವಾಗಿದೆ. ಸಾರ್ವಜನಿಕ ಹಿತಕ್ಕಾಗಿ ಕೊಡಬಹುದೆಂಬ ಇನ್ನೊಂದು ವಿಧಿ ಉಳಿದಿದೆಯೆಂಬ ಸಮಾಧಾನವನ್ನು ಕೆಲವರು ಹೇಳುತ್ತಾರೆ. ಕೊಡಬಹುದೆಂಬುದಕ್ಕೂ ಕೊಡತಕ್ಕದ್ದೆಂಬುದಕ್ಕೂ ಇರುವ ಅಂತರವನ್ನು ಕಚೇರಿಯ ಮೆಟ್ಟಿಲು ಹತ್ತಿದವರೆಲ್ಲರೂ ಬಲ್ಲರು. ಕೇಂದ್ರಕ್ಕಿಂತ ಮುಂಚೆ, 2000ದಲ್ಲಿಯೇ, ತನ್ನದೇ ಮಾಹಿತಿ ಹಕ್ಕಿನ ಕಾಯಿದೆಯನ್ನು ಮಾಡಿದ ನಾಡು ನಮ್ಮದು. ರೈತನ ಸಾಲವು ಜಾಲತಾಣದಲ್ಲಿ ಬಯಲಾಗಿರುವಾಗ ಅಧಿಕಾರಿಯ ನಡವಳಿಕೆಯು ಖಾಸಗಿತನದ ಮರೆಯಲ್ಲಿ ಅಡಗುವುದಾದರೆ, ಎರಡನೆಯ ತೆರೆಯನ್ನು ಕಿತ್ತು ಗೋಡೆಯ ಕಡೆಗೆ ತಿರುಗಿಸಿದಂತೆಯೇ ಸರಿ.

ಕೂಡಿಬಿದ್ದ ಈ ವಿವರಗಳ ಒಡೆಯನು ಯಾರು ಎಂಬುದು ಇನ್ನೊಂದು ದೊಡ್ಡ ವಿಚಾರ. ರೈತನ ಹೊಲ, ಬೆಳೆ, ಸಾಲ, ಬ್ಯಾಂಕ್ ಖಾತೆಗಳೆಲ್ಲವನ್ನೂ ಒಂದು ಗುರುತಿನ ಸಂಖ್ಯೆಯಲ್ಲಿ ಪೋಣಿಸುವ ‘ಫ್ರೂಟ್ಸ್’ ಎಂಬ ವ್ಯವಸ್ಥೆ ನಮ್ಮಲ್ಲಿ ನಡೆಯುತ್ತಿದೆ. ಇದರಿಂದ ಬೆಳೆನಷ್ಟದ ಪರಿಹಾರವು ನೇರವಾಗಿ ಖಾತೆಗೆ ಬರುವ ಸೌಕರ್ಯವಿದೆಯೆಂಬುದನ್ನು ಒಪ್ಪುತ್ತೇವೆ. ಆದರೆ ಕೇಂದ್ರ ಸರ್ಕಾರವು 2021ರಲ್ಲಿ ದೇಶದ ರೈತರ ದತ್ತಾಂಶವನ್ನು ಒಂದುಗೂಡಿಸುವ ಯೋಜನೆಗಾಗಿ ಮೈಕ್ರೋಸಾಫ್ಟ್ ಮೊದಲಾದ ಕಂಪನಿಗಳೊಡನೆ ಪ್ರಯೋಗದ ಒಪ್ಪಂದ ಮಾಡಿಕೊಂಡಾಗ, ರೈತನನ್ನು ಕೇಳಿದವರು ಯಾರು ಎಂದು ಹಲವು ಸಂಘಟನೆಗಳು ಎತ್ತಿದ ಪ್ರಶ್ನೆಯು ಅಂದಿನಷ್ಟೇ ಇಂದಿಗೂ ಸಲ್ಲುತ್ತದೆ. ರಾಗಿಯನ್ನು ಕಣಜದಿಂದ ತೆಗೆದರೆ ಕಣಜವು ಬರಿದಾಗುತ್ತದೆ, ಒಡೆಯನಿಗೆ ಗೊತ್ತಾಗುತ್ತದೆ. ವಿವರವನ್ನು ತೆಗೆದರೆ ಏನೂ ಕಡಿಮೆಯಾಗುವುದಿಲ್ಲ, ಹೋದುದೇ ತಿಳಿಯುವುದಿಲ್ಲ.

ಎಸ್ಟೋನಿಯಾ ಎಂಬ ಚಿಕ್ಕ ದೇಶವೊಂದು ಯೂರೋಪಿನಲ್ಲಿದೆ. ಅದರ ಜನಸಂಖ್ಯೆ ಹದಿಮೂರು ಹದಿನಾಲ್ಕು ಲಕ್ಷ; ನಮ್ಮ ಚಿಕ್ಕಮಗಳೂರು ಜಿಲ್ಲೆಗಿಂತ ಬಹಳ ಹೆಚ್ಚೇನೂ ಅಲ್ಲ. ಅಲ್ಲಿಯ ಪ್ರಜೆಯು ಸರ್ಕಾರದ ಬಳಿಯಿರುವ ತನ್ನ ವಿವರಗಳನ್ನು ಯಾವ ಇಲಾಖೆಯವರು ಯಾವ ದಿನ ನೋಡಿದರೆಂಬುದನ್ನು ತಾನೇ ತೆರೆದು ನೋಡಬಲ್ಲನು. ಕಾರಣವಿಲ್ಲದೆ ನೋಡಿದವರನ್ನು ಪ್ರಶ್ನಿಸಬಲ್ಲನು. ಇದು ನಮ್ಮಿಂದಾಗದ ಕಾರ್ಯವೇನೂ ಅಲ್ಲ. ‘ಭೂಮಿ’ಯಲ್ಲಿ ನಮೂದನ್ನು ತಿದ್ದಿದ ಅಧಿಕಾರಿಯ ಗುರುತನ್ನು ಇಡುವ ಕ್ರಮವು ಆರಂಭದಿಂದಲೇ ಇದೆ. ತಿದ್ದಿದವನ ಗುರುತನ್ನಿಡಬಲ್ಲ ಯಂತ್ರಕ್ಕೆ ನೋಡಿದವನ ಗುರುತನ್ನಿಡುವುದು ಹೊರೆಯಾಗಲಾರದು. ಪಹಣಿಯ ಋಣದ ಅಂಕಣವನ್ನು ನೋಡಬಯಸುವವನು ತನ್ನ ಹೆಸರನ್ನೂ ಕಾರಣವನ್ನೂ ಬರೆಯಲಿ. ಆ ಪಟ್ಟಿಯು ಹೊಲದೊಡೆಯನಿಗೆ ಕೇಳಿದ ಕೂಡಲೇ ಗ್ರಾಮ ಪಂಚಾಯಿತಿಯಲ್ಲಿ, ಕನ್ನಡದಲ್ಲಿ, ಶುಲ್ಕವಿಲ್ಲದೆ ದೊರೆಯಲಿ. ವ್ಯಾಜ್ಯವಿಲ್ಲದ ಕೈತಪ್ಪುಗಳನ್ನು ಹೋಬಳಿಯ ಮಟ್ಟದಲ್ಲಿಯೇ, ಗೊತ್ತಾದ ದಿನಗಳೊಳಗೆ ತಿದ್ದುವ ಅಧಿಕಾರವನ್ನು ಕೊಡಲಿ. ಅವಧಿ ಮೀರಿದರೆ ಕಾರಣವನ್ನು ಅಧಿಕಾರಿಯೇ ಬರೆದು ತಿಳಿಸಲಿ. ಪ್ರಯೋಗಕ್ಕೆ ಅಜ್ಜಂಪುರದಂತಹ ಹೊಸ ಸಣ್ಣ ತಾಲ್ಲೂಕು ತಕ್ಕುದಾಗಿದೆ. ಈ ಸೀಮೆಯ ಪ್ರತಿನಿಧಿಗಳು ಮುಂದಿನ ಅಧಿವೇಶನದಲ್ಲಿ ಕಂದಾಯ ಮಂತ್ರಿಗಳನ್ನು ಇದೇ ವಿಷಯವಾಗಿ ಪ್ರಶ್ನಿಸುವರೆಂದು ನಿರೀಕ್ಷಿಸುತ್ತೇವೆ.